ಕೊಯ್ಯಂಗಿಲ್ಲ ಅಂತ ಮಾತು ಕೊಡ್ರಿ

ಹುಂಜದಷ್ಟು ಸೊಕ್ಕಿನ, ಹುಂಜದಷ್ಟು ಕೆಲಸಕ್ಕೆ ಬಾರದ ಪ್ರಾಣಿಯನ್ನು ನಾನು ಕಂಡಿಲ್ಲ. ತತ್ತಿ ಇಡುವುದಿಲ್ಲ, ಕಾವಿಗೆ ಕೂರುವುದಿಲ್ಲ, ಮರಿಗಳ ಕಡೆ ತಿರುಗಿಯೂ ನೋಡುವುದಿಲ್ಲ. ಬೆಳಗಾಯಿತು ಎಂದು ಕೂಗುತ್ತದೆ, ಅದೂ ಬೆಳಗಾಗಲು ಇನ್ನೂ ಎರಡು ತಾಸು ಇರುವಾಗ. ಇಂಥ ಆರು ಹುಂಜಗಳು ಒಂದು ಕಾಲಕ್ಕೆ ನಮ್ಮ ಹಿತ್ತಲಲ್ಲಿದ್ದವು. ನಾವು ಲಿಂಗ ಕಟ್ಟಿಕೊಂಡ ಮಂದಿ, ತತ್ತಿಯನ್ನೂ ಬಾಯಿಗಿಡದ ಮನೆ. ಅಂಥಲ್ಲಿ ಆರು ಹುಂಜ ಹೇಗೆ ಬಂದವು ಎಂದು ಯಾರಾದರೂ ಕೇಳಿದರೆ ನಾನು ನಮ್ಮ ಯಜಮಾನರ ಕಡೆ ಬೆರಳು ತೋರಿಸುತ್ತಿದ್ದೆ. ಈಗಲೂ ತೋರಿಸುತ್ತೇನೆ, ಮೊದಲಿನಷ್ಟು ಧೈರ್ಯದಿಂದ ಅಲ್ಲ.

ನನ್ನ ತವರು ಗಡಹಿಂಗ್ಲಜ ತಾಲೂಕಿನ ನೂಲ. ಕೊಟ್ಟದ್ದು ಇಚಲಕರಂಜಿ ಮಗ್ಗುಲಿನ ಯಡ್ರಾವಿಗೆ. ಮನೆಗೆ ಹತ್ತಿಕೊಂಡೇ ತಗಡಿನ ಶೆಡ್ಡು, ಶೆಡ್ಡಿನಲ್ಲಿ ಕರೆಂಟಿನ ಎಂಟು ಮಗ್ಗ, ಅದರ ಹಿಂದೆ ಹಿತ್ತಲು. ಮಗ್ಗಗಳ ಖಟಖಟ ಹಗಲೂ ರಾತ್ರಿ ಇರುತ್ತದೆ. ಮದುವೆಯಾಗಿ ಬಂದ ಹೊಸದರಲ್ಲಿ ತಲೆ ಸಿಡಿಯುತ್ತಿತ್ತು. ಆಮೇಲೆ ಅದು ನಿಂತರೇ ಎಚ್ಚರವಾಗುವಷ್ಟು ರೂಢಿಯಾಯಿತು. ಆ ಸದ್ದಿನಲ್ಲಿ ಹಿತ್ತಲಲ್ಲಿ ಯಾರು ಕೂಗಿದರೂ ಅಡುಗೆಮನೆಗೆ ಕೇಳುವುದಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ಮಗ್ಗಗಳನ್ನು ಜಾಬರ್, ಅಂದರೆ ಮಗ್ಗದ ಮೇಸ್ತ್ರಿ, ನೋಡಿಕೊಳ್ಳುತ್ತಿದ್ದ, ನಮ್ಮವರು ಮೊಬೈಲ್ ನೋಡಿಕೊಳ್ಳುತ್ತಿದ್ದರು. ಹೀಗೆ ನೋಡುತ್ತಿರುವಾಗ ಒಂದು ದಿನ ಅವರಿಗೆ ಜವಾರಿ ಕೋಳಿಯ ಜ್ಞಾನೋದಯವಾಯಿತು. ಮರುವಾರ ಎಂಟು ಹೇಂಟೆಗಳು ಬಂದವು. ಹೇಂಟೆ ಎಂದರೆ ಹೆಣ್ಣು ಕೋಳಿ, ನಮ್ಮ ಬಾಯಲ್ಲಿ ಹ್ಯಾಟಿ. ನಾನು ಮೂಗು ಮುರಿದೆ.

"ನಾವೇನ ತಿನ್ನಾವ್ರಲ್ಲ. ತತ್ತಿ ಮಗ್ಗದ ಮಂದಿಗೆ ಕೊಡೂದು ಅಷ್ಟ," ಎಂದರು. "ಮತ್ತ ಹುಂಜ ಇಲ್ಲದ ತತ್ತ್ಯಾಗ ಜೀವ ಇರಂಗಿಲ್ಲ. ನಮಗೇನ ಪಾಪ ಹತ್ತಂಗಿಲ್ಲ."

ಈ ಪ್ರವಚನ ಮುಗಿದು ಎರಡು ತಿಂಗಳಾಗಿರಲಿಲ್ಲ, ಗಡಹಿಂಗ್ಲಜದ ಬಾಜಾರದಿಂದ ಒಂದು ಕೆಂಪು ಹುಂಜವನ್ನು ಎದೆಗವಚಿಕೊಂಡು ಬಂದರು. ನನ್ನ ಮೂರು ಹೆರಿಗೆಯಲ್ಲಿ ಒಮ್ಮೆಯೂ ಕೂಸನ್ನು ಅಷ್ಟು ಜೋಪಾನವಾಗಿ ಎತ್ತಿಕೊಂಡವರಲ್ಲ. ಜೀವವಿಲ್ಲದ ತತ್ತಿಯ ಮಾತು ಏನಾಯಿತು ಎಂದು ಕೇಳಿದೆ.

"ಹಿತ್ತಲಕ್ಕ ಒಂದು ಕಳೆ ಬೇಕಲ್ಲ," ಎಂದರು.

ಕಳೆ ಇತ್ತು, ಸುಳ್ಳು ಹೇಳಬಾರದು. ಕೆಂಪು ಮೈ, ಬಾಲಕ್ಕೆ ಹಸಿರು ಹೊಳಪು, ಅಂಗೈಯಗಲ ಜುಟ್ಟು. ಓಣಿಯ ಗಂಡಸರು ಬಂದು ಬಂದು ನೋಡಿ ಹೋದರು, ಫೋಟೋ ಹೊಡೆದುಕೊಂಡರು. ಹುಂಜಕ್ಕೂ ಅದು ತಿಳಿದಂತಿತ್ತು. ಯಾರಾದರೂ ಬಂದರೆ ಕುತ್ತಿಗೆ ಎತ್ತಿ ನಿಲ್ಲುತ್ತಿತ್ತು. ಬಾಲವಿಲ್ಲದಿದ್ದರೂ ನಮ್ಮವರು ಅದರ ಪಕ್ಕ ಹಾಗೇ ನಿಲ್ಲುತ್ತಿದ್ದರು.

ಅದರ ನಿಜವಾದ ಗುಣ ನನಗೆ ತಿಳಿದದ್ದು ಹಿಂಬಾಗಿಲಲ್ಲಿ ಕೂತು ಜೋಳ ಹಸನು ಮಾಡುವಾಗ. ಹುಂಜ ನೆಲ ಕೆದರಿ, ಕಾಳು ಸಿಕ್ಕಿದೆ ಎನ್ನುವಂತೆ ಕೊಕ್ ಕೊಕ್ ಎಂದು ಮೆಲ್ಲಗೆ ಕರೆಯುತ್ತದೆ. ಪಾಪದ ಹೇಂಟೆ ಓಡಿ ಬರುತ್ತದೆ. ಅಲ್ಲಿ ಕಾಳೂ ಇಲ್ಲ, ಹುಳವೂ ಇಲ್ಲ, ಬರೀ ಮಣ್ಣು. ಅದು ಬಗ್ಗಿ ನೋಡುವಷ್ಟರಲ್ಲಿ ಇದು ಬೆನ್ನ ಮೇಲೆ, ಕೊಕ್ಕಿನಲ್ಲಿ ತಲೆಯ ಪುಕ್ಕ. ದಿನಕ್ಕೆ ಇಪ್ಪತ್ತು ಸಲ ಇದೇ ಸುಳ್ಳು. ದೊಡ್ಡ ಸುಳ್ಳು ಹೇಳುವಷ್ಟೂ ಬುದ್ಧಿ ಇಲ್ಲದ ಪ್ರಾಣಿ, ಒಂದೇ ಸಣ್ಣ ಸುಳ್ಳಿನ ಮೇಲೆ ಜನ್ಮ ತಳ್ಳುತ್ತದೆ.

ಆದರೂ ಎಂಟು ಹೇಂಟೆಗೆ ಒಂದು ಹುಂಜ ಹೇಗೋ ನಡೆದಿತ್ತು. ಕೆಟ್ಟದ್ದು ಮರಿ ಮಾಡಿಸಿದ ಮೇಲೆ. ಒಂದು ಹೇಂಟೆಯನ್ನು ಕಾವಿಗೆ ಕೂರಿಸಿದರು, ಬೆಕ್ಕು, ಹದ್ದು ತಿಂದದ್ದು ಹೋಗಿ ಆರು ಮರಿ ಉಳಿದವು. ಆರರಲ್ಲಿ ಐದು ಹುಂಜ. ಬೇರೆ ಮನೆಯಲ್ಲಾಗಿದ್ದರೆ ಅವು ಐದು ತಿಂಗಳಿಗೆ ಒಂದೊಂದಾಗಿ ಒಲೆ ಏರುತ್ತಿದ್ದವು. ಜವಾರಿ ಕೋಳಿ ಸಾಕುವ ಜಗತ್ತೆಲ್ಲ ಹಾಗೇ ನಡೆಯುತ್ತದೆ. ಮೊಬೈಲಿನಲ್ಲಿ ಆ ಭಾಗ ಬಂದಾಗ ನಮ್ಮವರು ಕಣ್ಣು ಮುಚ್ಚಿದ್ದರೇನೋ. ನಮ್ಮ ಮನೆಯಲ್ಲಿ ಹುಟ್ಟಿದ ಗಂಡಿಗೆ ಸಾವೇ ಇರಲಿಲ್ಲ.

"ನಮ್ಮ ಹಿತ್ತಲದಾಗ ಹುಟ್ಟಿದ ಜೀವ ಕೊಯ್ಯಾಕ ಕೊಡೂದಿಲ್ಲ," ಎಂದು ಹೇಳಿಬಿಟ್ಟರು. "ಸಾಕಾವ್ರಿಗೆ ಬೇಕಾದ್ರ ಕೊಡೂಣು. ಮಾತ ತಗೊಂಡ ಕೊಡೂಣು."

ಇದು ಅವರೊಬ್ಬರ ಹುಚ್ಚಲ್ಲ, ನಮ್ಮವರ ಪದ್ಧತಿ. ನೂಲದಲ್ಲಿ ಅಪ್ಪನೂ ಮುದಿ ಎತ್ತನ್ನು ಕೊಡುವಾಗ ಕೊಳ್ಳುವವನ ಕೈ ಹಿಡಿದು, "ಕೊಯ್ಯಾಕ ಕೊಡಂಗಿಲ್ಲ ಅಂತ ಮಾತ ಕೊಡು," ಅನ್ನುತ್ತಿದ್ದ. ಅವನು ಕೊಡುತ್ತಿದ್ದ. ನಡೆಯಲಾರದ ಎತ್ತನ್ನು ಒಯ್ದು ಅವನೇನು ತೊಡೆಯ ಮೇಲೆ ಕೂರಿಸಿಕೊಂಡು ಆಡಿಸುತ್ತಾನೆಯೇ? ಮಾತು ಕೊಟ್ಟವನಿಗೂ ಗೊತ್ತು, ತೆಗೆದುಕೊಂಡವನಿಗೂ ಗೊತ್ತು. ಅಪ್ಪ ಕಾಲು ತೊಳೆದುಕೊಂಡು ಒಳಗೆ ಬರುತ್ತಿದ್ದ, ಅವ್ವ ವಿಭೂತಿ ಕೊಡುತ್ತಿದ್ದಳು, ಎಲ್ಲರೂ ಉಣ್ಣುತ್ತಿದ್ದರು.

ಹಾಗೆ ಮಾತು ತೆಗೆದುಕೊಂಡು ನಮ್ಮವರು ಒಂದು ಹುಂಜವನ್ನು ಮಗ್ಗ ನಡೆಸುವ ಕಾಮಗಾರನೊಬ್ಬನಿಗೆ ಕೊಟ್ಟರು. ಮರಾಠಿಯವನು, ಹಸನ್ಮುಖಿ. ದಿನಾ ಬೆಳಿಗ್ಗೆ ಇವರು ಹುಂಜ ಹೇಗಿದೆ ಎಂದು ಕೇಳುವುದು, ಅವನು "ಮಜೇತ ಹಾಯ್ ಮಾಲಕ," ಅಂದರೆ ಮಜವಾಗಿದೆ, ಎಂದು ನಗುವುದು. ಹದಿನೈದು ದಿನ ಇದು ನಡೆಯಿತು. ಮಗ್ಗದ ಮಂದಿ ಸದ್ದಿನಲ್ಲಿ ಒಬ್ಬರಿಗೊಬ್ಬರು ಅರಚಿಯೇ ಮಾತಾಡುತ್ತಾರೆ. ಒಂದು ದಿನ ಫಕ್ಕನೆ ಕರೆಂಟು ಹೋಗಿ ಎಂಟೂ ಮಗ್ಗ ನಿಂತವು. ಆ ನಿಶ್ಶಬ್ದದಲ್ಲಿ ಅವನೊಬ್ಬನ ಧ್ವನಿ ಮಾತ್ರ ಉಳಿಯಿತು: "ಮಾಲಕಾಚ್ಯಾ ಕೋಂಬಡ್ಯಾಚಾ ರಸ್ಸಾ, ಲಯ್ ಭಾರೀ ಝಾಲ್ತಾ!" ಮಾಲೀಕರ ಹುಂಜದ ಸಾರು ಭಾರೀ ರುಚಿಯಾಗಿತ್ತು ಎಂದು ಯಾರಿಗೋ ವರ್ಣಿಸುತ್ತಿದ್ದ.

ಅಂದು ನಮ್ಮವರು ಮಧ್ಯಾಹ್ನದ ಊಟ ಬಿಟ್ಟರು. ಇನ್ನು ಯಾರನ್ನೂ ನಂಬುವುದಿಲ್ಲ, ಒಂದು ಹುಂಜವೂ ಮನೆ ಬಿಟ್ಟು ಹೋಗಕೂಡದು ಎಂದರು. ಹೀಗೆ ಐದು ಹುಂಜಗಳು, ಒಂಬತ್ತು ಹೇಂಟೆಗಳು ಉಳಿದವು.

ಆಮೇಲಿನದನ್ನು ಹೇಳಲು ನನಗೆ ಸಿಟ್ಟು ಬರುತ್ತದೆ. ಎಳೆಯ ಹುಂಜಗಳು ನಾಲ್ಕೂ ಒಟ್ಟಿಗೆ ತಿರುಗುತ್ತಿದ್ದವು. ಒಂದು ಹೇಂಟೆ ಕಾಳು ತಿನ್ನಲು ಇಳಿದರೆ ಸಾಕು, ಒಂದು ಅಟ್ಟಿಸುವುದು, ಇನ್ನೊಂದು ಅಡ್ಡಗಟ್ಟುವುದು. ಅದರ ಮೇಲೆ ಅವು ಇರುವಾಗಲೇ ಕೆಂಪು ಹುಂಜ ಬಂದು ಅವನ್ನು ಒದೆಯುವುದು, ಒದ್ದು ಓಡಿಸಿ ತಾನು ಏರುವುದು. ಕೆಳಗಿದ್ದದ್ದು ಬಿಡಿಸಿಕೊಂಡಿತು ಎಂಬುದೇ ಇಲ್ಲ. ಹೇಂಟೆಗಳು ಗೋಡೆಯ ಮೇಲಿಂದ ಇಳಿಯುವುದನ್ನೇ ಬಿಟ್ಟವು. ತತ್ತಿ ಇಡುವುದು ನಿಂತಿತು. ಒಂದು ಎಳೆಯ ಹೇಂಟೆ, ಆರು ಮರಿಗಳಲ್ಲಿ ಇದ್ದ ಒಂದೇ ಹೆಣ್ಣು, ಬೇಲಿಯ ಸಂದಿಯಲ್ಲಿ ಸತ್ತು ಬಿದ್ದಿತ್ತು. ಕೊಂದವು ಅದರ ಒಡಹುಟ್ಟಿದವೇ.

"ರೋಗ ಬಂದಿರಬೇಕು," ಎಂದರು ನಮ್ಮವರು. ಕುತ್ತಿಗೆಯ ತನಕ ಬೋಳಾಗಿ ರಕ್ತ ಕಟ್ಟಿದ ಬೆನ್ನನ್ನು ನೋಡಿ ಹೇಳಿದ ಮಾತು ಇದು.

ಹೇಂಟೆಗಳಲ್ಲಿ ಒಂದು ಕರಿದಿತ್ತು. ಅದಕ್ಕೆ ಹೆಸರಿರಲಿಲ್ಲ, ನಾವು ಕರಿದು ಎನ್ನುತ್ತಿದ್ದೆವು. ರೊಟ್ಟಿಯ ಚೂರಿಗೆ ಹಿಂಬಾಗಿಲ ಮೆಟ್ಟಿಲಿಗೆ ಬಂದು ಕೂರುವುದು ಅದರ ಚಾಳಿ. ನಾನು ಕೋಳಿಗಳನ್ನು ಮುಟ್ಟುತ್ತಿರಲಿಲ್ಲ. ಚೂರು ಎಸೆಯುತ್ತಿದ್ದೆ, ಅಷ್ಟೇ. ಒಂದು ದಿನ ಅದು ಹಾರಿ ಅಡುಗೆಮನೆಯೊಳಗೆ ಬಂದು ಜೋಳದ ಡಬ್ಬಿಯ ಹಿಂದೆ ಸೇರಿಕೊಂಡಿತು. ಸೆರಗಿನಲ್ಲಿ ಸುತ್ತಿ ಎತ್ತಿದೆ. ಬೆನ್ನಿನ ಮೇಲೆ ಒಂದು ಪುಕ್ಕವಿರಲಿಲ್ಲ. ರೆಕ್ಕೆಯ ಕೆಳಗೆ ಹುಂಜದ ಕಾಲಿನ ಮುಳ್ಳು ಸೀಳಿದ ಗಾಯ, ಬೆರಳು ಹೋಗುವಷ್ಟು. ಅದು ಒದ್ದಾಡಲಿಲ್ಲ, ನನ್ನ ಕೈಯಲ್ಲಿ ಕಣ್ಣು ಮುಚ್ಚಿತು. ಅರಿಶಿನ ಎಣ್ಣೆ ಹಚ್ಚಿದೆ. ಆಮೇಲೆ ತಲೆಯ ಮೇಲೆ ನೀರು ಹಾಕಿಕೊಂಡೆ, ಮಡಿಯ ಮನೆಯಲ್ಲವೇ. ಅಂದಿನಿಂದ ಆ ಕೋಳಿ ನನ್ನದಾಯಿತು, ಅದನ್ನು ಉಳಿಸಬೇಕು ಎಂದು ಮನಸ್ಸು ಹಟ ಹಿಡಿಯಿತು.

ಶೆಡ್ಡಿನಲ್ಲಿ ಕೋರಾ ಬಟ್ಟೆಯ, ಬಣ್ಣ ಹಾಕದ ಬಿಳಿ ಬಟ್ಟೆಯ, ತುಂಡುಗಳಿಗೆ ಬರವಿಲ್ಲ. ಎರಡು ಪದರು ಮಾಡಿ ಬೆನ್ನು ಮುಚ್ಚುವಂತೆ ಹೊಲಿದು, ರೆಕ್ಕೆಯ ಬುಡಕ್ಕೆ ಲಾಡಿ ಕಟ್ಟಿದೆ. ಮೊದಲು ಕರಿದಕ್ಕೆ, ಆಮೇಲೆ ಉಳಿದ ಏಳಕ್ಕೂ. ಹಿತ್ತಲಲ್ಲಿ ಎಂಟು ಬಿಳಿ ಸೆರಗು ಓಡಾಡತೊಡಗಿದವು. ನಮ್ಮವರು ನಕ್ಕು ನಕ್ಕು ಫೋಟೋ ತೆಗೆದರು. ಬಟ್ಟೆ ಬೆನ್ನನ್ನು ಉಳಿಸಿತು. ಹುಂಜಗಳು ತಲೆಗೆ, ಕುತ್ತಿಗೆಗೆ ಕುಕ್ಕಲು ಶುರು ಮಾಡಿದವು. ಹೇಂಟೆಗಳಿಗೆ ಸೀರೆ ಉಡಿಸಿದರೆ ಹುಂಜಗಳಿಗೆ ಮರ್ಯಾದೆ ಬರುತ್ತದೆ ಎಂದು ನಾನು ಹೇಗೆ ನಂಬಿದೆನೋ.

ಕಬ್ಬು ಕಡಿದಾದ ಮೇಲೆ ನಮ್ಮ ಹೊಲದಲ್ಲಿ ಕುರಿ ತರುಬಲು ಪ್ರತಿ ವರ್ಷ ನೂಲದ ಕಡೆಯ ಕುರುಬರ ಕುಟುಂಬವೊಂದು ಬರುತ್ತದೆ. ರಾತ್ರಿ ಕುರಿಗಳು ಹೊಲದಲ್ಲಿ ಮಲಗಿದರೆ ಭೂಮಿಗೆ ಗೊಬ್ಬರ. ಅವರ ಹಿರಿಯಳು ಒಬ್ಬ ಮುದುಕಿ, ನಾನು ಆಯಿ ಎನ್ನುತ್ತೇನೆ. ತವರಿನ ಕಡೆಯವಳಾದ್ದರಿಂದ ನಾನು ಅವಳಿಗೆ ಮಗಳು, ನಮ್ಮವರು ಅಳಿಯ. ಆ ವರ್ಷ ಮಜ್ಜಿಗೆಗೆಂದು ಬಂದವಳು ಹಿತ್ತಲನ್ನು ನೋಡಿ ಅಲ್ಲೇ ನಿಂತಳು.

"ಏನ ಮಗಳ, ಇದು ಹಿತ್ತಲೋ, ಪೈಲವಾನರ ತಾಲೀಮೋ?" ಎಂದಳು. "ಎಂಟು ಹ್ಯಾಟಿಗೆ ಐದು ಹುಂಜ! ಒಂದ ಹುಂಜಕ್ಕ ಹತ್ತು ಹ್ಯಾಟಿ ಬೇಕ. ಒಂದ ಇಟ್ಕೊಂಡ ಉಳಿದದ್ದ ಕೊಡ್ರಿ, ನಾ ಒಯ್ತೇನಿ."

ನಮ್ಮವರು ಕುರ್ಚಿಯಿಂದ ಎದ್ದು ಬಂದರು. "ಸಾಕೊಳ್ಳಾಕ ಆದ್ರ ಒಯ್ರಿ ಆಯಿ. ಕೊಯ್ಯಂಗಿಲ್ಲ ಅಂತ ಭಂಡಾರ ಮುಟ್ಟಿ ಮಾತ ಕೊಡ್ರಿ."

ಮುದುಕಿಯ ಸೊಂಟದ ಚೀಲದಲ್ಲಿ ಯಾವಾಗಲೂ ಭಂಡಾರ ಇರುತ್ತದೆ, ದೇವರ ಅರಿಶಿನ ಪುಡಿ. ಅವಳು ಚೀಲದ ಮೇಲೆ ಕೈ ಇಟ್ಟುಕೊಂಡೇ ನಕ್ಕಳು.

"ಅಳಿಯಂದ್ರ, ಭಂಡಾರ ಮುಟ್ಟಿ ಸುಳ್ಳ ಹೇಳಂಗಿಲ್ಲ ನಾ. ಒಯ್ದ ಕೊಯ್ತೇನಿ, ಮಂದಿಗೆ ಉಣಸ್ತೇನಿ. ಕೊಟ್ರ ಕೊಡ್ರಿ."

ನಮ್ಮವರಿಗೆ ಇಂಥ ಮಾತು ಕೇಳಿ ಅಭ್ಯಾಸವಿರಲಿಲ್ಲ. ಎಷ್ಟು ಸುಲಭದ ಸುಳ್ಳು, ಎಲ್ಲರೂ ಹೇಳುವ ಸುಳ್ಳು, ಅದನ್ನೂ ಹೇಳಲಾರೆ ಎನ್ನುತ್ತಾಳಲ್ಲ ಎಂದು ಮುಖ ಸಣ್ಣದು ಮಾಡಿಕೊಂಡರು. "ಹಂಗಾದ್ರ ಬ್ಯಾಡ್ರಿ," ಎಂದು ಶೆಡ್ಡಿಗೆ ನಡೆದರು.

ಆಯಿ ನನ್ನ ಕಡೆ ತಿರುಗಿದಳು. "ನೀ ಏನಂತಿ ಮಗಳ?"

"ಅವ್ರ ಹೇಳಿಧಂಗ, ಆಯಿ," ಎಂದೆ.

ಎಂದು ಹಗುರಾದೆ. ಇದನ್ನು ಮುಚ್ಚಿಡಬಾರದು. ಬೇಡ ಎಂದ ಪಾಪ ಅವರದಾಯಿತು, ಕೊಡು ಎನ್ನುವ ಪಾಪ ನನಗೆ ತಪ್ಪಿತು. ಆಯಿ ಮೆಟ್ಟಿಲ ಮೇಲಿದ್ದ ಕರಿದನ್ನು ಎತ್ತಿ, ನಾನು ಕಟ್ಟಿದ ಬಟ್ಟೆ ಸರಿಸಿ ನೋಡಿದಳು.

"ಒಮ್ಮೆ ಕೊಯ್ಯೂದು ಪಾಪ ಅಂತೀರಿ. ದಿನಾ ಹರದ ಹಾಕಿಸೂದಕ್ಕ ಏನಂತೀರಿ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಮಜ್ಜಿಗೆ ಕುಡಿದು ಹೋದಳು.

ಆ ಮಾತು ನಮ್ಮವರಿಗೆ ಮುಟ್ಟಿಸಿದೆ. ಅವರಿಗೆ ನಾಟಿತೋ ಏನೋ, ಮರುದಿನ ಜಾಳಿಗೆ ತಂತಿ ತಂದು ಒಂದು ಪಂಜರ ಕಟ್ಟಿಸಿದರು, ಒಂದು ಹಾಸಿಗೆಯಷ್ಟು ಅಗಲ. ನಾನು ಸಂತೋಷಪಟ್ಟೆ. ಪಂಜರ ಮುಗಿದ ಮೇಲೆ ನೋಡಿದರೆ ಅದರೊಳಗೆ ಹಾಕಿದ್ದು ಎಂಟು ಹೇಂಟೆಗಳನ್ನು. ಹುಂಜಗಳು ಹೊರಗೆ ಎದೆ ಸೆಟೆಸಿಕೊಂಡು ತಿರುಗುತ್ತಿದ್ದವು.

"ಅವಕ್ಕ ರಕ್ಷಣೆ ಆತಲ್ಲ," ಎಂದರು. ಹುಂಜಗಳನ್ನು ಯಾಕೆ ಒಳಗೆ ಹಾಕಲಿಲ್ಲ ಎಂದರೆ, "ಅವು ಒಳಗ ಕಾದಾಡಿ ಸಾಯ್ತಾವಲ್ಲ," ಎಂದರು. ಮಾಡಿದವರನ್ನು ಬಿಟ್ಟು ಮಾಡಿಸಿಕೊಂಡವರನ್ನು ಕೂಡಿಹಾಕುವ ಈ ಬುದ್ಧಿಗೆ ಏನು ಹೇಳುವುದು? ನಾನೂ ತಂತಿಯ ಸಂದಿಯಿಂದ ಕರಿದಕ್ಕೆ ರೊಟ್ಟಿಯ ಚೂರು ಹಾಕಿ ಒಳಗೆ ಹೋದೆ.

ಹದಿನೈದು ದಿನ ಕಳೆಯಿತು. ಮಗ್ಗಗಳಿಗೆ ವಾರದ ರಜೆಯ ದಿನ. ಊರೆಲ್ಲ ಕಿವಿ ತೊಳೆದಂತೆ ಶಾಂತವಾಗಿತ್ತು. ನಾನು ಸ್ನಾನ ಮಾಡಿ, ಹಿಂಬಾಗಿಲು ಹಾಕಿ, ದೇವರ ಕೋಣೆಯಲ್ಲಿ ಲಿಂಗಪೂಜೆಗೆ ಕೂತೆ. ಅಂಗೈಯಲ್ಲಿ ಲಿಂಗ ಇಟ್ಟುಕೊಂಡ ಮೇಲೆ ನಡುವೆ ಏಳುವಂತಿಲ್ಲ, ನಮ್ಮಲ್ಲಿ ಹಾಗೇ ಬಂದಿದೆ. ಹೊರಗೆ ನಮ್ಮವರು ಕೋಳಿಗಳೂ ಸ್ವಲ್ಪ ಅಡ್ಡಾಡಲಿ ಎಂದು ಪಂಜರ ತೆರೆದು, ಪೇಪರ್ ಹಿಡಿದು ಮುಂದಿನ ಕಟ್ಟೆಗೆ ಹೋಗಿದ್ದರು.

ಮೊದಲು ರೆಕ್ಕೆ ಬಡಿದ ಸದ್ದು. ಆಮೇಲೆ ಓಟ. ಆಮೇಲೆ ಹಿಂಬಾಗಿಲಿಗೆ ಏನೋ ಬಂದು ಢಬ್ ಎಂದು ಬಿತ್ತು. ಕರಿದು ಎಂದು ತಕ್ಷಣ ಗೊತ್ತಾಯಿತು, ಆ ಬಾಗಿಲಿಗೆ ಬರುವುದು ಅದೊಂದೇ. ಕೊಕ್ಕಿನಿಂದ ಬಾಗಿಲನ್ನು ಕುಟ್ಟಿತು. ಕೂಗಿತು. ಮಗ್ಗಗಳಿದ್ದರೆ ನನಗೆ ಕೇಳುತ್ತಿರಲಿಲ್ಲ, ಅಂದು ಎಲ್ಲ ಕೇಳಿತು. ಪೂಜೆ ಮುಗಿದ ಮೇಲೆ ತೆರೆಯೋಣ, ಇನ್ನೇನು ಮುಗಿಯಿತು ಎಂದುಕೊಂಡೆ. ಕಣ್ಣು ಮುಚ್ಚಿ ಗಟ್ಟಿಯಾಗಿ ಮಂತ್ರ ಹೇಳಿದೆ, ಇನ್ನೂ ಗಟ್ಟಿಯಾಗಿ ಹೇಳಿದೆ. ಪೂಜೆ ಪೂರ್ತಿಯಾಯಿತು.

ಬಾಗಿಲು ತೆರೆದಾಗ ಕರಿದು ಮೆಟ್ಟಿಲ ಮೇಲೆ ಸತ್ತಿತ್ತು. ತಲೆಯ ಚರ್ಮ ಕಿತ್ತು ಬಂದಿತ್ತು, ನಾನು ಕಟ್ಟಿದ ಬಿಳಿ ಬಟ್ಟೆ ಕೆಂಪಾಗಿತ್ತು. ಕೆಂಪು ಹುಂಜ ಇನ್ನೂ ಅದರ ಮೇಲೇ ಇತ್ತು. ಸತ್ತಿದೆ ಎಂಬುದೂ ತಿಳಿಯದ ಹೊಲಸು ಜಾನುವಾರು. ಕಸಬರಿಗೆಯಿಂದ ಹೊಡೆದೆ. ಅದು ನಾಲ್ಕು ಹೆಜ್ಜೆ ಆಚೆ ಹೋಗಿ, ಮೈ ಕೊಡವಿ, ಕತ್ತು ಎತ್ತಿ ಕೂಗಿತು.

ನಮ್ಮವರು ಬಂದು ನೋಡಿದರು. "ಅದಕ್ಕ ಮೊದ್ಲ ತ್ರಾಣ ಇರಲಿಲ್ಲ ಬಿಡು," ಎಂದರು. ಕರಿದನ್ನು ನಾನೇ ಹಿತ್ತಲ ಮೂಲೆಯಲ್ಲಿ ಮಣ್ಣು ಮಾಡಿದೆ.

ಎರಡು ದಿನದ ಮೇಲೆ ನಮ್ಮವರು ನೂಲು ತರಲು ಇಚಲಕರಂಜಿಗೆ ಹೋದರು. ಅವರ ಗಾಡಿ ರಸ್ತೆ ತಿರುಗಿದ್ದೇ ತಡ ನಾನು ಹೊಲಕ್ಕೆ ನಡೆದೆ. ಕುರಿಗಳು ಇನ್ನೂ ಅಲ್ಲೇ ಇದ್ದವು. ಆಯಿಯನ್ನು ಕರೆತಂದೆ. ಹೇಂಟೆಗಳು ಮತ್ತೆ ಗೋಡೆ ಹತ್ತಿ ಕೂತಿದ್ದವು, ಖಾಲಿ ಪಂಜರದಲ್ಲಿ ಕಾಳು ಚೆಲ್ಲಿದೆ. ಐದೂ ಹುಂಜಗಳು ಒಂದನ್ನೊಂದು ತಳ್ಳಿಕೊಂಡು ತಾವಾಗಿಯೇ ಒಳಗೆ ನುಗ್ಗಿದವು. ಅಷ್ಟೇ ಬುದ್ಧಿ. ಅವುಗಳ ಕಾಲು ಕಟ್ಟಿದ್ದು ಆಯಿ, ಹಿಡಿದು ಕೊಟ್ಟದ್ದು ನಾನು.

"ಕೆಂಪು ಹುಂಜ ಛಲೋ ಐತಿ, ಅದೊಂದ ಇಟ್ಕೊ ಮಗಳ," ಎಂದಳು.

"ಬ್ಯಾಡ. ಐದೂ ಒಯ್ಯಿ. ಒಯ್ದ ಕೊಯ್ಯಿ," ಎಂದೆ.

ಹುಟ್ಟಿದಾಗಿನಿಂದ ನನ್ನ ಬಾಯಲ್ಲಿ ಬಾರದ ಮಾತು. ಹೇಳಿದರೆ ನಾಲಗೆ ಸೀದುಹೋಗುತ್ತದೆ ಎಂದುಕೊಂಡಿದ್ದೆ, ಏನೂ ಆಗಲಿಲ್ಲ. ಹದಿನೈದು ದಿನ ಮೊದಲು ಹೇಳಿದ್ದರೂ ಏನೂ ಆಗುತ್ತಿರಲಿಲ್ಲ. ಆಯಿ ಮೆಟ್ಟಿಲ ಕಡೆ ನೋಡಿದಳು, ಅಲ್ಲಿ ಕರಿದು ಇರಲಿಲ್ಲ. ಹುಂಜಗಳನ್ನು ತಲೆಕೆಳಗಾಗಿ ಹಿಡಿದುಕೊಂಡು ಹೊಲದ ಕಡೆ ನಡೆದಳು.

ಮಧ್ಯಾಹ್ನ ನಮ್ಮವರು ಬಂದಾಗ ಏಳು ಹೇಂಟೆಗಳು ಗೋಡೆಯಿಂದ ಇಳಿದು ಹಿತ್ತಲ ನಡುವೆ ಮಣ್ಣಿನಲ್ಲಿ ಹೊರಳಾಡುತ್ತಿದ್ದವು. ಅವು ಹಾಗೆ ಮೈ ಚೆಲ್ಲಿದ್ದನ್ನು ನಾನು ಎಷ್ಟೋ ತಿಂಗಳ ಮೇಲೆ ನೋಡಿದ್ದೆ. ನಮ್ಮವರು ಅವುಗಳನ್ನು ನೋಡಲಿಲ್ಲ, ಇಲ್ಲದ್ದನ್ನು ಹುಡುಕಿದರು.

"ಆಯಿಗೆ ಕೊಟ್ಟಿ?" ಎಂದು ಕೇಳಿದರು. "ಮಾತರ ತಗೊಂಡೀಯಿಲ್ಲೊ?"

"ತಗೊಂಡೇನಿ. ಸಂಜೀದೊಳಗ ಐದೂ ಕೊಯ್ತೇನಿ ಅಂತ ಭಂಡಾರ ಮುಟ್ಟಿ ಮಾತ ಕೊಟ್ಟಾಳ."

ನಮ್ಮವರು ಕೈಕಾಲು ತೊಳೆದು, ವಿಭೂತಿ ಹಚ್ಚಿಕೊಂಡು, ಇವತ್ತು ನನಗೆ ಊಟ ಬೇಡ ಎಂದು ಮಲಗಿದರು. ಹುಂಜಗಳಿಗಾಗಿ ಅದು ಅವರ ಎರಡನೆಯ ಉಪವಾಸ.

ಕರಿದು ಸತ್ತ ದಿನ ಅವರು ಊಟ ಬಿಟ್ಟಿರಲಿಲ್ಲ. ಎರಡು ರೊಟ್ಟಿ, ಬದನೆಕಾಯಿ ಪಲ್ಯ, ಮೇಲೆ ಮೊಸರನ್ನ ಉಂಡಿದ್ದರು. ಇಷ್ಟು ಸರಿಯಾಗಿ ನೆನಪಿದೆ, ಯಾಕೆಂದರೆ ಬಡಿಸಿದವಳು ನಾನೇ. ಅವರು ಎದ್ದ ಮೇಲೆ ಅದೇ ಅಡುಗೆಮನೆಯಲ್ಲಿ, ಅದೇ ಹಿಂಬಾಗಿಲಿಗೆ ಬೆನ್ನು ಹಚ್ಚಿ ಕೂತು ನಾನೂ ಹೊಟ್ಟೆ ತುಂಬ ಉಂಡಿದ್ದೆ.